ಕರಾವಳಿಯ ಮಳೆಗಾಲದಲ್ಲೂ ಉಳಿಯುವ ಲೇಬಲ್‌: ಹಳೆಯ ಕ್ಯಾನು, ಡಬ್ಬಿ, ಟ್ಯೂಬುಗಳಿಂದ ಉಪಕರಣಗಳಿಗೆ ಹೆಸರು ಬರೆಯುವುದು ಹೇಗೆ?

ಪ್ರಶ್ನೆ: ಕೋಡಿಬಾಗದವ (ಕಾರವಾರ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂಬದಿಯ ಸಾಮಾನು ಕೋಣೆಯಲ್ಲಿ ಮೂರು ಬಗೆಯ ಉಪಕರಣಗಳು ಒಂದರೊಳಗೊಂದು ಬೆರೆತುಹೋಗಿವೆ. ತಂದೆಯವರ ಕಾಲದ ಉಳಿ, ಕೀಸುಳಿ, ಗರಗಸ, ಬೈರಿಗೆಗಳು ಒಂದು ಬಗೆ; ಬೈಕು ಮತ್ತು ನೀರಿನ ಪಂಪಿನ ದುರಸ್ತಿಗೆಂದು ನಾನು ಕೂಡಿಹಾಕಿದ ಪಾನಾ, ಇಕ್ಕಳ, ಸ್ಕ್ರೂಡ್ರೈವರ್, ಡ್ರಿಲ್ ಬಿಟ್ಟುಗಳು ಇನ್ನೊಂದು; ಹಿತ್ತಲಿನ ತೆಂಗು ಮತ್ತು ಹೂಗಿಡಗಳಿಗೆ ಬೇಕಾದ ಕತ್ತಿ, ಗುದ್ದಲಿ, ಪಿಕಾಸಿ, ಹಾರೆಗಳು ಮತ್ತೊಂದು. ಇವಲ್ಲದೆ ಮೊಳೆ, ಸ್ಕ್ರೂ, ವಾಶರ್, ಕೊಳಾಯಿಯ ಬಿಡಿಭಾಗಗಳು ತುಂಬಿದ ಹಾರ್ಲಿಕ್ಸ್ ಬಾಟಲಿ ಮತ್ತು ಐಸ್‌ಕ್ರೀಮ್ ಡಬ್ಬಿಗಳು ಬೇರೆ. ಬೇಕಾದ ವಸ್ತು ಬೇಕಾದ ಹೊತ್ತಿಗೆ ಕೈಗೆ ಸಿಗುವುದಿಲ್ಲ ಎಂಬುದು ಮನೆಯವರೆಲ್ಲರ ದೂರು.

ಎಲ್ಲದಕ್ಕೂ ಹೆಸರು ಬರೆದು ಅಂಟಿಸುವ ಕೆಲಸ ಹಿಂದೆಯೂ ನಡೆದಿತ್ತು. ಬಿಳಿ ಕಾಗದದ ಮೇಲೆ ಪೆನ್ನಿನಿಂದ ಬರೆದು, ಮೇಲೆ ಸೆಲೋಟೇಪ್ ಹಚ್ಚಿದ್ದೆವು. ಜೂನ್ ತಿಂಗಳು ಕಳೆಯುವಷ್ಟರಲ್ಲಿ ಟೇಪಿನ ಅಂಚು ಎದ್ದಿತು, ಕಾಗದಕ್ಕೆ ಬೂಷ್ಟು ಹಿಡಿಯಿತು, ಉಳಿದದ್ದನ್ನು ಜಿರಲೆಗಳು ಮುಗಿಸಿದವು. ನಮ್ಮದು ಚಿರೇಕಲ್ಲಿನ ಗೋಡೆ, ಹಂಚಿನ ಮಾಡು. ಕಾಳಿ ನದಿ ಸಮುದ್ರ ಸೇರುವ ಜಾಗ ಹತ್ತಿರವೇ ಇರುವುದರಿಂದ ವರ್ಷವಿಡೀ ಉಪ್ಪುಗಾಳಿ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ, ಒಣ ಊರಿನವರು ವಿಡಿಯೊಗಳಲ್ಲಿ ತೋರಿಸುವ ರಟ್ಟಿನ ಲೇಬಲ್‌ಗಳು ಪ್ರಯೋಜನಕ್ಕೆ ಬಾರವು.

ಹೊಸದಾಗಿ ಏನನ್ನೂ ಕೊಳ್ಳದೆ, ಗುಜರಿಗೆ ಹೋಗುವ ವಸ್ತುಗಳಿಂದಲೇ ಲೇಬಲ್ ಮಾಡಬೇಕೆಂಬುದು ನನ್ನ ಆಸೆ. ಯಾವ ವಸ್ತು ಆಯ್ದುಕೊಳ್ಳಬೇಕು, ಯಾವುದರಿಂದ ಬರೆಯಬೇಕು, ಹೇಗೆ ಕಟ್ಟಬೇಕು ಅಥವಾ ಅಂಟಿಸಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿಕೊಡಿ. ತೆಂಗಿನಕಾಯಿ ಕೀಳಲು ಬರುವವರಿಗೆ ಕನ್ನಡ ಓದಲು ಬರುವುದಿಲ್ಲ, ಮನೆಯಲ್ಲಿ ಮಾತು ಕೊಂಕಣಿ, ಮಕ್ಕಳು ಓದುವುದು ಇಂಗ್ಲಿಷ್ ಎಂಬುದನ್ನೂ ಗಮನದಲ್ಲಿಡಬೇಕಾಗಿ ವಿನಂತಿ.

ಉತ್ತರ 1: ಕುಮಟೆಯ ನಿವೃತ್ತ ಮಾಸ್ತರು

ಕೋಡಿಬಾಗದವರೇ, ನಮಸ್ಕಾರ. ಬಹಳ ವರ್ಷ ವರ್ಕ್‌ಶಾಪ್ ಪಾಠ ಹೇಳಿದವನಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ತಾಳ್ಮೆಯಿಂದ ಓದಿರಿ. ನಮ್ಮ ಕಡೆ ಲೇಬಲ್ ಹಾಳಾಗುವುದು ಸಾಮಾನ್ಯವಾಗಿ ಅಕ್ಷರ ಅಳಿಸಿ ಅಲ್ಲ. ಅಂಟು ಬಿಟ್ಟು, ದಾರ ಕೊಳೆತು, ತಂತಿ ತುಕ್ಕು ಹಿಡಿದು. ಆದ್ದರಿಂದ ಏನು ಬರೆಯುವುದು ಎಂಬುದಕ್ಕಿಂತ ಮೊದಲು, ಯಾವುದಕ್ಕೆ ಹೇಗೆ ಸಿಕ್ಕಿಸುವುದು ಎಂದು ಯೋಚಿಸಬೇಕು.

ಅಂಟಿನ ಆಸೆಯನ್ನು ಆದಷ್ಟು ಬಿಟ್ಟುಬಿಡಿ. ಅನ್ನದ ಅಂಟು, ಮೈದಾ ಅಂಟುಗಳು ಜಿರಲೆಗೆ ಊಟ ಬಡಿಸಿದಂತೆ. ಮರಗೆಲಸದ ಬಿಳಿ ಅಂಟು ಒಣಗಿದ ಮೇಲೆ ಗಟ್ಟಿಯಾಗಿ ಕಂಡರೂ ಸಾಧಾರಣ ದರ್ಜೆಯದು ತೇವಕ್ಕೆ ಮತ್ತೆ ಮೆತ್ತಗಾಗುತ್ತದೆ. ಎಣ್ಣೆ ಕ್ಯಾನು, ಪೇಂಟಿನ ಬಕೆಟ್ಟು, ಐಸ್‌ಕ್ರೀಮ್ ಡಬ್ಬಿಗಳ ಪ್ಲಾಸ್ಟಿಕ್ಕಿಗೆ, ಅಂದರೆ ತಳದ ತ್ರಿಕೋನದಲ್ಲಿ 2 ಅಥವಾ 5 ಎಂದು ಅಚ್ಚೊತ್ತಿರುವ ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನಿಗೆ, ಯಾವ ಮನೆಬಳಕೆಯ ಅಂಟೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಅದು ಆ ಪ್ಲಾಸ್ಟಿಕ್ಕಿನ ಗುಣ. ಹಾಗಾಗಿ ತೂತು ಕೊರೆದು ಕಟ್ಟುವುದು, ಚಿಕ್ಕ ಸ್ಕ್ರೂ ಹಾಕಿ ಬಿಗಿಯುವುದು, ಇಲ್ಲವೇ ವಸ್ತುವಿನ ಮೈಮೇಲೆಯೇ ಕೊರೆಯುವುದು ಮೇಲು.

ಮೊದಲನೆಯ ವಸ್ತುವಾಗಿ ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನನ್ನು ಹೇಳುತ್ತೇನೆ. ಪ್ರವಾಸಿಗರು ಬಂದುಹೋಗುವ ನಮ್ಮ ಕಡಲತೀರಗಳಲ್ಲಿ ಇದಕ್ಕೆ ಬರವಿಲ್ಲ. ಆಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಅಲ್ಯೂಮಿನಿಯಂ. ಅಂಟಿದರೆ ಕಬ್ಬಿಣದ ತಗಡು, ಕತ್ತರಿಸಿದ ಅಂಚಿನಿಂದಲೇ ತುಕ್ಕು ಹತ್ತುವುದರಿಂದ ಅದು ಬೇಡ. ಕ್ಯಾನಿನ ಮೇಲ್ತುದಿ ಮತ್ತು ತಳವನ್ನು ತೆಗೆದುಹಾಕಿ, ನಡುವಿನ ಭಾಗವನ್ನು ಹಳೆಯ ಕತ್ತರಿಯಿಂದ ಸೀಳಿ ಬಿಡಿಸಿದರೆ ಸುಮಾರು 0.1 ಮಿಲಿಮೀಟರ್ ದಪ್ಪದ ಹಾಳೆ ಸಿಗುತ್ತದೆ. ಅಂಚು ಬ್ಲೇಡಿನಷ್ಟೇ ಹರಿತವಾಗಿರುತ್ತದೆ. ಕೈಗವಸು ಹಾಕಿಕೊಂಡೇ ಕೆಲಸ ಮಾಡಬೇಕು, ಪಟ್ಟಿಗಳ ನಾಲ್ಕೂ ಮೂಲೆಗಳನ್ನು ದುಂಡಗೆ ಕತ್ತರಿಸಬೇಕು, ಅಂಚನ್ನು ಎರಡು ಮಿಲಿಮೀಟರಿನಷ್ಟು ಹಿಂದಕ್ಕೆ ಮಡಚಿ ಚಮಚದ ಹಿಂಬದಿಯಿಂದ ಒತ್ತಬೇಕು. ಹೀಗೆ ಮಡಚಿದರೆ ಕೈಗೂ ತಾಗುವುದಿಲ್ಲ, ಪಟ್ಟಿಯೂ ಬಾಗದೆ ನಿಲ್ಲುತ್ತದೆ.

ಬರೆಯಲು ಶಾಯಿ ಮುಗಿದ ಬಾಲ್‌ಪೆನ್ ಸಾಕು. ಪಟ್ಟಿಯ ಒಳಮೈ, ಅಂದರೆ ಬಣ್ಣವಿಲ್ಲದ ಬೆಳ್ಳಗಿನ ಮೈ, ಮೇಲೆ ಬರುವಂತೆ ಅದನ್ನು ಸೈಕಲ್ ಟ್ಯೂಬಿನ ತುಂಡಿನ ಮೇಲೋ ಮಡಚಿದ ವೃತ್ತಪತ್ರಿಕೆಯ ಮೇಲೋ ಇಟ್ಟು, ನಿಧಾನವಾಗಿ ಒತ್ತಿ ಬರೆಯಿರಿ. ಗೆರೆ ಒಳಕ್ಕೆ ಇಳಿದು ಅಕ್ಷರ ಮೂಡುತ್ತದೆ. ಮೊದಲ ಸಲ ಹಗುರವಾಗಿ, ಎರಡನೆಯ ಸಲ ಅದೇ ಗೆರೆಯ ಮೇಲೆ ಬಲವಾಗಿ ಎಳೆಯಬೇಕು. ಒಂದೇ ಸಲಕ್ಕೆ ಒತ್ತಿದರೆ ತಿರುವುಗಳಲ್ಲಿ ತಗಡು ಹರಿಯುತ್ತದೆ. ಬಳಿಕ ಕಪ್ಪು ಎನಾಮಲ್ ಪೇಂಟನ್ನು ಬಟ್ಟೆಯಲ್ಲಿ ಅದ್ದಿ ಮೇಲೆಲ್ಲ ಸವರಿ, ಒಣಗುವ ಮೊದಲೇ ಒಣ ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ಒರೆಸಿದರೆ, ಗೆರೆಯೊಳಗಿನ ಕಪ್ಪು ಉಳಿದು ಮೇಲಿನದು ಹೋಗುತ್ತದೆ. ತಾಳೆಗರಿಯ ಮೇಲೆ ಕಂಟವೆಂಬ ಮೊನಚು ಲೇಖನಿಯಿಂದ ಕೊರೆದು ಮಸಿ ತೀಡುತ್ತಿದ್ದ ನಮ್ಮ ಹಿರಿಯರ ಪದ್ಧತಿಯೂ ಇದೇ. ಕನ್ನಡದ ದುಂಡಗಿನ ಅಕ್ಷರಗಳು ಈ ಕೆಲಸಕ್ಕೆ ಹೇಳಿಮಾಡಿಸಿದಂತಿವೆ, ಆದರೆ ಒತ್ತಕ್ಷರಗಳಿಗೆ ಜಾಗ ಬೇಕು; ಅಕ್ಷರದ ಎತ್ತರ ಒಂದು ಸೆಂಟಿಮೀಟರಿಗೆ ಕಡಿಮೆಯಾಗದಿರಲಿ, ಕೆಳಗೆ ಒತ್ತಿಗೆಂದು ಅರ್ಧ ಸೆಂಟಿಮೀಟರ್ ಬಿಡಿ. ಒಳಮೈಗೆ ಕಾರ್ಖಾನೆಯಲ್ಲೇ ಒಂದು ತೆಳು ಲೇಪ ಕೊಟ್ಟಿರುತ್ತಾರೆ; ಅದು ತಗಡನ್ನು ಕಾಯುತ್ತದೆಯಾದ್ದರಿಂದ ಮರಳು ಕಾಗದದಿಂದ ಉಜ್ಜಿ ತೆಗೆಯಬೇಡಿ.

ಎರಡನೆಯದು, ಖಾದ್ಯ ತೈಲದ ದಪ್ಪ ಕ್ಯಾನುಗಳ ಚಪ್ಪಟೆ ಬದಿ. ಬಿಸಿನೀರು ಮತ್ತು ಸೀಗೆಪುಡಿಯಿಂದ ಜಿಡ್ಡು ಹೋಗುವಂತೆ ತಿಕ್ಕಿ, ಒಣಗಿಸಿ, ಬರೆಯುವ ಮೈಯನ್ನು ಸಣ್ಣ ಮರಳು ಕಾಗದದಿಂದ ಮಂಕಾಗುವಷ್ಟು ಉಜ್ಜಬೇಕು. ಆ ಒರಟು ಮೈಮೇಲೆ ಮೆತ್ತನೆಯ ಪೆನ್ಸಿಲಿನಿಂದ ಬರೆದ ಅಕ್ಷರ ಆಶ್ಚರ್ಯವೆನಿಸುವಷ್ಟು ಕಾಲ ಉಳಿಯುತ್ತದೆ. ಕಾರಣ ಸರಳ: ಮಾರ್ಕರ್ ಪೆನ್ನುಗಳಲ್ಲಿ ಹೆಚ್ಚಿನವುಗಳ ಬಣ್ಣ ಬಿಸಿಲಿಗೆ ಒಡೆದು ಮಾಸುವಂಥದ್ದು, ಸಾಲದ್ದಕ್ಕೆ ಸೀಮೆಎಣ್ಣೆ, ಪೆಟ್ರೋಲ್, ಸ್ಪಿರಿಟ್ ತಾಗಿದರೆ ಕರಗಿಹೋಗುತ್ತದೆ, ಪೆನ್ಸಿಲಿನ ಸೀಸ ಎನ್ನುವುದು ನಿಜಕ್ಕೂ ಗ್ರಾಫೈಟ್, ಅದು ಇಂಗಾಲ, ಬಿಸಿಲು ಅದನ್ನು ಏನೂ ಮಾಡಲಾರದು. ಉಜ್ಜಿದರೆ ಮಾತ್ರ ಹೋಗುತ್ತದೆ, ಆದ್ದರಿಂದ ಕೈ ತಾಗದ ಕಡೆ, ಕಪಾಟಿನ ಅಂಚು ಮತ್ತು ಡಬ್ಬಿಯ ಮುಖಗಳಿಗೆ ಅದು ಯೋಗ್ಯ.

ಕೊನೆಯದಾಗಿ, ಲೇಬಲ್ ಇರಬೇಕಾದದ್ದು ಉಪಕರಣದ ಮೇಲಲ್ಲ, ಅದು ಇರುವ ಜಾಗದ ಮೇಲೆ. ಸುತ್ತಿಗೆಯ ಮೇಲೆ ಸುತ್ತಿಗೆ ಎಂದು ಬರೆದು ಯಾರಿಗೆ ಏನು ಲಾಭ? ಗೋಡೆಯಲ್ಲಿ ಅದು ನೇತಾಡುವ ಮೊಳೆಯ ಕೆಳಗೆ ಬರೆದಿದ್ದರೆ, ತೆಗೆದವರು ಅಲ್ಲಿಗೇ ತಂದಿಡುತ್ತಾರೆ. ಉಪಕರಣದ ಮೈಮೇಲೆ ಬೇಕಾದದ್ದು ಅಳತೆ ಮತ್ತು ಮಾಲೀಕರ ಗುರುತು, ಇವೆರಡೇ.

ಉತ್ತರ 2: ಶರಾವತಿ ದಂಡೆಯವ (ಹೊನ್ನಾವರ)

ಮಾಸ್ತರು ಹೇಳಿದ ಎಲ್ಲದಕ್ಕೂ ನನ್ನ ಒಪ್ಪಿಗೆ ಇದೆ, ಆದರೆ ಅಲ್ಯೂಮಿನಿಯಂ ಬಗ್ಗೆ ಒಂದು ಎಚ್ಚರಿಕೆ ಸೇರಿಸದೆ ಇರಲಾರೆ. ದೋಣಿ ಮತ್ತು ಇಂಜಿನ್ ದುರಸ್ತಿಯ ಕೆಲಸದಲ್ಲಿರುವ ನಮಗೆ ಇದು ದಿನನಿತ್ಯ ಕಣ್ಣಿಗೆ ಬೀಳುವ ಸಂಗತಿ. ಉಪ್ಪಿನ ತೇವವಿರುವ ಕಡೆ ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದರೆ, ಅವುಗಳ ನಡುವೆ ಬ್ಯಾಟರಿಯೊಳಗೆ ನಡೆಯುವ ಕ್ರಿಯೆಯೇ ಸಣ್ಣದಾಗಿ ನಡೆದು ಒಂದು ಲೋಹ ಸವೆಯುತ್ತದೆ. ಅಲ್ಯೂಮಿನಿಯಂ ಮತ್ತು ಕಬ್ಬಿಣ ಸೇರಿದರೆ ಸವೆಯುವುದು ಅಲ್ಯೂಮಿನಿಯಂ. ತಾಮ್ರ ಅಥವಾ ಹಿತ್ತಾಳೆ ಸೇರಿದರೆ ಇನ್ನೂ ಬೇಗ. 0.1 ಮಿಲಿಮೀಟರ್ ತಗಡಿನ ತೂತಿಗೆ ಹಳೆಯ ವಿದ್ಯುತ್ ತಂತಿಯ ತಾಮ್ರದ ಎಳೆಯನ್ನು ಪೋಣಿಸಿ ಪಾನಾಕ್ಕೆ ಕಟ್ಟಿದರೆ, ತೂತಿನ ಸುತ್ತ ಬಿಳಿ ಪುಡಿ ಏಳುವುದನ್ನು ಕಾಣುತ್ತೀರಿ. ಕೆಲವು ದಿನಗಳ ಮೇಲೆ ತೂತೇ ದೊಡ್ಡದಾಗಿ ಪಟ್ಟಿ ಕಳಚಿಬೀಳುತ್ತದೆ. ತಾಮ್ರದ ತಂತಿ ಗುಜರಿಯಲ್ಲಿ ಸುಲಭವಾಗಿ ಸಿಗುತ್ತದೆ ಎಂದು ಹೆಚ್ಚಿನವರು ಕಟ್ಟುವುದು ಅದರಿಂದಲೇ.

ಕಟ್ಟಲು ನಮ್ಮ ಕರಾವಳಿಯಲ್ಲಿ ಬಿಟ್ಟಿಯಾಗಿ ಸಿಗುವ ಅತ್ಯುತ್ತಮ ವಸ್ತು ಹರಿದ ಬಲೆಯ ನೈಲಾನ್ ಹುರಿ. ಯಾವ ಬಂದರಿಗೆ ಹೋದರೂ ಬಲೆ ನೇಯುವವರ ಬಳಿ ತುಂಡುಗಳು ಬಿದ್ದಿರುತ್ತವೆ, ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಸಮುದ್ರದಲ್ಲಿ ತಿಂಗಳುಗಟ್ಟಲೆ ನೆನೆದು ಬಾಳಿದ ಹುರಿ ನಿಮ್ಮ ಸಾಮಾನು ಕೋಣೆಯಲ್ಲಿ ಕೊಳೆಯುವುದೇ ಇಲ್ಲ. ಬಿಸಿಲು ಮಾತ್ರ ಅದಕ್ಕೆ ಶತ್ರು. ಸಿಹಿನೀರಿನಲ್ಲಿ ಒಂದು ರಾತ್ರಿ ನೆನೆಹಾಕಿ ಉಪ್ಪು ಬಿಡಿಸಿ, ಒಣಗಿಸಿ ಬಳಸಿರಿ. ನೈಲಾನ್ ಜಾರುವ ಗುಣದ್ದಾದ್ದರಿಂದ ಸಾಮಾನ್ಯ ಗಂಟು ಬಿಚ್ಚಿಕೊಳ್ಳುತ್ತದೆ; ಗಂಟು ಬಿಗಿದ ಮೇಲೆ ತುದಿಯನ್ನು ಬೆಂಕಿಕಡ್ಡಿಯಿಂದ ಸ್ವಲ್ಪ ಕರಗಿಸಿ ಗುಂಡಿಯಂತೆ ಮಾಡಿದರೆ ಸಾಕು. ಕರಗಿದ ನೈಲಾನನ್ನು ಬರಿಗೈಯಿಂದ ಒತ್ತಲು ಹೋಗಬೇಡಿ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ.

ಕಬ್ಬಿಣಕ್ಕೆ ಅಲ್ಯೂಮಿನಿಯಂ ತಾಗಲೇಬೇಕಾದ ಕಡೆ ನಡುವೆ ಸೈಕಲ್ ಟ್ಯೂಬಿನ ಒಂದು ಚೂರನ್ನು ವಾಶರಿನಂತೆ ಹಾಕಿ. ಅದೇ ಟ್ಯೂಬನ್ನು ಅಡ್ಡಲಾಗಿ ಕತ್ತರಿಸಿದರೆ ರಬ್ಬರ್ ಬಳೆಗಳು ಸಿಗುತ್ತವೆ. ಸ್ಕ್ರೂಡ್ರೈವರಿನ ಹಿಡಿಗೆ ಒಂದು ಬಳೆ ಏರಿಸಿದರೆ ಚಪ್ಪಟೆ ಮೂತಿ, ಎರಡು ಏರಿಸಿದರೆ ನಕ್ಷತ್ರ ಮೂತಿ ಎಂದು ನಮ್ಮ ಕೆಲಸದ ಜಾಗದಲ್ಲಿ ರೂಢಿ. ಕತ್ತಲೆಯಲ್ಲಿ, ಇಂಜಿನ್ನಿನ ಸಂದಿಯಲ್ಲಿ ಕೈಯಿಟ್ಟಾಗ ಓದುವ ಲೇಬಲ್ ಉಪಯೋಗಕ್ಕೆ ಬರುವುದಿಲ್ಲ, ಬೆರಳಿಗೆ ಸಿಗುವ ಗುರುತು ಬೇಕು. ಓದಲು ಬಾರದವರಿಗೂ ಇದು ತೊಡಕಾಗುವುದಿಲ್ಲ.

ಉತ್ತರ 3: ಶಿರಸಿಯ ತೋಟಿಗ

ಘಟ್ಟದ ಮೇಲಿನವನ ಮಾತೂ ಇರಲಿ. ನಮ್ಮಲ್ಲಿ ಉಪ್ಪುಗಾಳಿ ಇಲ್ಲ, ಆದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೂ ಇಲ್ಲ. ಅಡಕೆ ತೋಟದ ಸಾಮಾನುಗಳಿಗೆ ಗುರುತು ಹಾಕುವುದರಲ್ಲಿ ನನಗಿರುವ ತಿಳಿವಳಿಕೆಯನ್ನಷ್ಟೇ ಬರೆಯುತ್ತೇನೆ.

ಅಡಕೆ ಮರದ ಹಾಳೆ ಧಾರಾಳವಾಗಿ ಸಿಗುತ್ತದೆ, ಅದರಿಂದ ಲೇಬಲ್ ಮಾಡಬಹುದಲ್ಲ ಎಂದು ನಮ್ಮ ಕಡೆ ಬಹಳ ಜನ ಕೇಳುತ್ತಾರೆ. ನೆನೆಸಿ, ಭಾರ ಹೇರಿ ಒಣಗಿಸಿದ ಅಡಕೆ ಹಾಳೆಯ ಮೇಲೆ ಬರೆದರೆ ನೋಡಲು ಬಲು ಚಂದ, ಬೇಸಿಗೆಯಲ್ಲಿ ಬೀಜದ ಪೊಟ್ಟಣಗಳಿಗೆ ಕಟ್ಟಲು ಅಡ್ಡಿಯಿಲ್ಲ. ಮಳೆಗಾಲದ ಉಗ್ರಾಣಕ್ಕೆ ಮಾತ್ರ ಅದು ಸಲ್ಲದು, ಬೂಷ್ಟೂ ಒರಲೆಯೂ ಹುಡುಕಿಕೊಂಡು ಬರುತ್ತವೆ. ಅದರ ಬದಲು ತೆಂಗಿನ ಚಿಪ್ಪು ಬಳಸಿ. ಒಡೆದ ಚಿಪ್ಪಿನಿಂದ ರೂಪಾಯಿಗಿಂತ ಸ್ವಲ್ಪ ದೊಡ್ಡ ಬಿಲ್ಲೆಗಳನ್ನು ಗರಗಸದಿಂದ ಕತ್ತರಿಸಿ, ಹೊರಗಿನ ನಾರನ್ನು ಒಡೆದ ಗಾಜಿನ ಅಂಚಿನಿಂದ ಕೆರೆದು, ಮರಳು ಕಾಗದದಲ್ಲಿ ಉಜ್ಜಿ, ಕಾಯಿಸಿದ ಮೊಳೆಯಿಂದ ಗುರುತು ಸುಟ್ಟು, ಕೊಬ್ಬರಿ ಎಣ್ಣೆ ಸವರಿದರೆ ಕಪ್ಪನೆಯ ಹೊಳಪು ಬರುತ್ತದೆ. ನೀರು ಕುಡಿಯುವುದಿಲ್ಲ, ತುಕ್ಕಿನ ಮಾತೇ ಇಲ್ಲ. ಶ್ರಮ ಜಾಸ್ತಿ, ಆದ್ದರಿಂದ ಬೀಗದ ಕೈ ಗೊಂಚಲು, ಪಂಪ್‌ಹೌಸಿನ ಸ್ವಿಚ್ಚು ಇಂಥ ಮುಖ್ಯ ಜಾಗಗಳಿಗೆ ಮಾತ್ರ ನಾನು ಇದನ್ನು ಮಾಡುತ್ತೇನೆ. ಗುದ್ದಲಿ, ಪಿಕಾಸಿ, ಕತ್ತಿಯ ಮರದ ಹಿಡಿಗಳಿಗಂತೂ ಬೇರೆ ಲೇಬಲ್ ಕಟ್ಟುವುದೇ ವ್ಯರ್ಥ. ಕಾದ ಕಬ್ಬಿಣದಿಂದ ಮನೆಯ ಗುರುತನ್ನು ಹಿಡಿಯ ಮೇಲೆಯೇ ಸುಟ್ಟರೆ ಹಿಡಿ ಇರುವಷ್ಟು ಕಾಲ ಗುರುತು ಇರುತ್ತದೆ.

ಇನ್ನು ಈ ಚರ್ಚೆಯಲ್ಲಿ ಯಾರೂ ಎತ್ತದ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಔಷಧಿಯ ಕಪಾಟು. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಒಂದು ಕಿಲೋ ಸುಣ್ಣ ಬೇಕು. ಮೈಲುತುತ್ತವನ್ನು ಕರಗಿಸುವ ಪಾತ್ರೆ ಕಬ್ಬಿಣದ್ದಾಗಲಿ ಅಲ್ಯೂಮಿನಿಯಂನದ್ದಾಗಲಿ ಆಗಿರಬಾರದು, ಏಕೆಂದರೆ ದ್ರಾವಣದಲ್ಲಿರುವ ತಾಮ್ರ ಆ ಲೋಹವನ್ನು ತಿಂದು ಅದರ ಮೇಲೆ ಕೂರುತ್ತದೆ. ದ್ರಾವಣಕ್ಕೆ ಸುಣ್ಣ ಸಾಕಾಗಿದೆಯೋ ಇಲ್ಲವೋ ಎಂದು ನೋಡಲು ಉಜ್ಜಿದ ಚೂರಿಯನ್ನು ಅದ್ದುತ್ತೇವಲ್ಲ, ಅಲಗು ಕೆಂಪಾಗುವುದು ಇದೇ ಕಾರಣಕ್ಕೆ. ಮಾಸ್ತರು ಹೇಳಿದ ಕ್ಯಾನಿನ ತಗಡನ್ನು ಆ ಡ್ರಮ್ಮಿಗೆ ನೇತುಹಾಕಿದರೆ ಅದಕ್ಕೂ ಅದೇ ಗತಿ. ಅಲ್ಲಿಗೆ ಎಣ್ಣೆ ಕ್ಯಾನಿನ ಪ್ಲಾಸ್ಟಿಕ್ ಪಟ್ಟಿಯನ್ನೇ ಕಟ್ಟಿ, ಸುಣ್ಣದ ಬಕೆಟ್ಟಿಗೂ ತುತ್ತದ ಬಕೆಟ್ಟಿಗೂ ಬೇರೆ ಬೇರೆ ಹೆಸರು ಬರೆಯಿರಿ.

ಕೀಟನಾಶಕದ ಡಬ್ಬಿಗಳಿಗೆ ಮಾತ್ರ ಮನೆಯಲ್ಲಿ ಮಾಡಿದ ಲೇಬಲ್ ಖಂಡಿತ ಬೇಡ. ಮೂಲ ಡಬ್ಬಿಯಲ್ಲೇ, ಮೂಲ ಲೇಬಲ್‌ನೊಂದಿಗೇ ಅವು ಇರಬೇಕು. ಆ ಲೇಬಲ್ ಮೇಲೆ ಡೈಮಂಡ್ ಆಕಾರದ ಚೌಕವೊಂದು ಇರುತ್ತದೆ. ಅದರ ಕೆಳ ಅರ್ಧದಲ್ಲಿ ಕೆಂಪಿದ್ದರೆ ಅತ್ಯಂತ ವಿಷಕಾರಿ, ಹಳದಿಯಿದ್ದರೆ ಹೆಚ್ಚು ವಿಷಕಾರಿ, ನೀಲಿಯಿದ್ದರೆ ಮಧ್ಯಮ, ಹಸಿರಿದ್ದರೆ ಅಲ್ಪ ಎಂದು ಅರ್ಥ. 1971ರ ಕೀಟನಾಶಕ ನಿಯಮಗಳ ಪ್ರಕಾರ ಬಂದ ಗುರುತುಗಳಿವು. ಹಸಿರು ಎಂದರೆ ನಿರಪಾಯ ಎಂದು ತಿಳಿಯುವವರು ನಮ್ಮಲ್ಲಿ ಬಹಳ. ಆದ್ದರಿಂದ ಸಾಮಾನು ಕೋಣೆಯಲ್ಲಿ ಬಣ್ಣದ ಪದ್ಧತಿ ಮಾಡಿಕೊಳ್ಳುವವರು, ವಿಷದ ಕಪಾಟಿನ ಹತ್ತಿರ ಈ ನಾಲ್ಕು ಬಣ್ಣಗಳಿಗೆ ಬೇರೆ ಅರ್ಥ ಕೊಡಬಾರದು. ಔಷಧಿ ಖಾಲಿಯಾದ ಡಬ್ಬಿಯನ್ನು ತೊಳೆದು ಲೇಬಲ್ ಪಟ್ಟಿ ಕತ್ತರಿಸುವ ಉಳಿತಾಯವೂ ಬೇಡ; ಮೂರು ಸಲ ತೊಳೆದು, ಆ ನೀರನ್ನು ಸಿಂಪರಣೆಯ ಟ್ಯಾಂಕಿಗೇ ಹಾಕಿ, ಡಬ್ಬಿಗೆ ತೂತು ಹೊಡೆದು ಮರುಬಳಕೆಯಾಗದಂತೆ ಮಾಡುವುದು ಸರಿಯಾದ ಕ್ರಮ.

ಪ್ರಶ್ನೆ ಕೇಳಿದವರಿಂದ: ಕೋಡಿಬಾಗದವ

ಮಾಸ್ತರಿಗೂ, ಹೊನ್ನಾವರದ ಮತ್ತು ಶಿರಸಿಯ ಮಹನೀಯರಿಗೂ ತುಂಬ ಕೃತಜ್ಞತೆಗಳು. ಎಣ್ಣೆ ಕ್ಯಾನಿನ ಪಟ್ಟಿಗೆ ಪೆನ್ಸಿಲಿನಿಂದ ಬರೆಯಬಹುದೆಂಬುದು ನನಗೆ ಹೊಸ ವಿಷಯ. ಇನ್ನೂ ಮೂರು ಸಂದೇಹಗಳಿವೆ. ಪಾನಾಗಳ ಮೇಲೆ ಕಂಪನಿಯವರು ಒತ್ತಿದ ಅಂಕಿ ತುಕ್ಕಿನಿಂದ ಕಾಣದಾಗಿದೆ, ಅಲ್ಲಿ ಪಟ್ಟಿ ಕಟ್ಟಿದರೆ ಕೆಲಸಕ್ಕೆ ಅಡ್ಡಿ, ಏನು ಮಾಡಲಿ? ನೆರೆಯವರು ಎರವಲು ಒಯ್ದದ್ದು ಯಾರ ಬಳಿ ಇದೆ ಎಂಬುದು ನೆನಪಿರುವುದಿಲ್ಲ. ಕೇಳಿದರೆ ಬೇಸರ, ಕೇಳದಿದ್ದರೆ ನಷ್ಟ. ಕೊನೆಯದಾಗಿ, ಮನೆಯಲ್ಲಿ ಹಳೆಯ ಪಿವಿಸಿ ಪೈಪಿನ ತುಂಡುಗಳೂ ಹಳೆಯ ಫ್ಲೆಕ್ಸ್ ಬ್ಯಾನರೂ ಬಹಳ ಇವೆ. ಕಾದ ಮೊಳೆಯಿಂದ ಅವುಗಳ ಮೇಲೆ ಬರೆಯಬಹುದೆ?

ಉತ್ತರ 4: ಅಂಕೋಲೆಯ ಅಕ್ಕ

ಮೊದಲ ಪ್ರಶ್ನೆಯಲ್ಲಿ ಓದಲು ಬಾರದವರ ವಿಷಯ ಎತ್ತಿದ್ದಿರಿ. ಅದಕ್ಕೆ ಅರ್ಧ ಉತ್ತರ ಮಾತ್ರ ಬಂದಿದೆ ಎನಿಸಿತು. ನಮ್ಮ ಮನೆಯಲ್ಲಿ ಹಳೆಯ ಬಾಗಿಲಿನ ಹಲಗೆಯೊಂದನ್ನು ಗೋಡೆಗೆ ಹಾಕಿ, ಪ್ರತಿ ಉಪಕರಣವನ್ನೂ ಅದರ ಮೇಲಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಒಳಗೆ ಉಳಿದ ಬಣ್ಣ ತುಂಬಿದ್ದೇವೆ. ಕತ್ತಿ ತೆಗೆದರೆ ಗೋಡೆಯ ಮೇಲೆ ಕತ್ತಿಯ ಆಕಾರ ಉಳಿಯುತ್ತದೆ. ಕೊಂಕಣಿ, ಕನ್ನಡ, ಮರಾಠಿ, ಹಿಂದಿ ಯಾರದೇ ಆಗಲಿ, ಎಲ್ಲಿಡಬೇಕೆಂದು ಹೇಳಿಕೊಡುವ ಅಗತ್ಯವಿಲ್ಲ, ಸಂಜೆ ಒಮ್ಮೆ ನೋಡಿದರೆ ಬಾರದೆ ಉಳಿದದ್ದು ಯಾವುದೆಂದೂ ಗೊತ್ತಾಗುತ್ತದೆ. ಚಿರೇಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಎಳೆಯುತ್ತದೆಯಾದ್ದರಿಂದ ಹಲಗೆಯನ್ನು ಗೋಡೆಗೆ ಒತ್ತಿ ಬಡಿಯಬೇಡಿ, ಹಿಂದೆ ರೀಪಿನ ತುಂಡುಗಳನ್ನು ಕೊಟ್ಟು ಗಾಳಿಯಾಡಲು ಎರಡು ಬೆರಳು ಜಾಗ ಬಿಡಿ. ಮೊಳೆ ಮತ್ತು ಸ್ಕ್ರೂಗಳ ಡಬ್ಬಿಗೆ ಹೆಸರು ಬರೆಯುವುದನ್ನೂ ನಾವು ಬಿಟ್ಟಿದ್ದೇವೆ. ಒಳಗಿರುವ ಒಂದು ಸ್ಕ್ರೂವನ್ನೇ ಮುಚ್ಚಳಕ್ಕೆ ಹೊರಗಿನಿಂದ ತಿರುಗಿಸಿ ಕೂರಿಸಿದರೆ ಅದಕ್ಕಿಂತ ಸ್ಪಷ್ಟವಾದ ಲೇಬಲ್ ಇನ್ನಿಲ್ಲ.

ಉತ್ತರ 5: ಕುಮಟೆಯ ನಿವೃತ್ತ ಮಾಸ್ತರು

ಅಕ್ಕನವರ ಸ್ಕ್ರೂ ಉಪಾಯವನ್ನು ನಾನು ಈ ಹೊತ್ತೇ ನಕಲು ಮಾಡುತ್ತೇನೆ. ಕೋಡಿಬಾಗದವರ ಸಂದೇಹಗಳಿಗೆ ಬರುತ್ತೇನೆ.

ಪಾನಾಗಳ ಮೇಲಿನ ಅಂಕಿ ಸಾಮಾನ್ಯವಾಗಿ ಅಳಿಸಿರುವುದಿಲ್ಲ, ಮುಚ್ಚಿಹೋಗಿರುತ್ತದೆ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕಿ ತಂತಿ ಬ್ರಷ್ಷಿನಿಂದ ತಿಕ್ಕಿ ನೋಡಿ. ಅಂಕಿಯ ಗುಣಿ ಕಂಡರೆ ಅದರೊಳಗೆ ಬಿಳಿ ಎನಾಮಲ್ ತುಂಬಿ ಮೇಲಿನದನ್ನು ಒರೆಸಿರಿ, ಕ್ಯಾನಿನ ಪಟ್ಟಿಗೆ ಕಪ್ಪು ತುಂಬಿದ ಕ್ರಮದಲ್ಲೇ. ಪೂರ್ತಿ ಹೋಗಿದ್ದರೆ ಪಾನಾದ ಬಾಯಿಯನ್ನು ಅಳೆದು, ಅಂಕಿಯನ್ನು ಅದು ನೇತಾಡುವ ಜಾಗದಲ್ಲಿ ಬರೆಯಿರಿ. ಅಲ್ಲಿ ಪಾನಾದ ಅಳತೆಯ ಜೊತೆಗೆ ಬೋಲ್ಟಿನ ಅಳತೆಯನ್ನೂ ಬರೆದರೆ ಹುಡುಕಾಟ ಅರ್ಧಕ್ಕಿಳಿಯುತ್ತದೆ: 6 ಮಿಲಿಮೀಟರ್ ಬೋಲ್ಟಿಗೆ 10ರ ಪಾನಾ, 8ಕ್ಕೆ 13, 10ಕ್ಕೆ 17, 12ಕ್ಕೆ 19. ಹೊಸ ಮಾನದ ಪ್ರಕಾರ ತಯಾರಾದ ಬೋಲ್ಟುಗಳಲ್ಲಿ ಕೊನೆಯ ಎರಡಕ್ಕೆ 16 ಮತ್ತು 18 ಬರುವುದುಂಟು, ಅದಕ್ಕೂ ಜಾಗ ಬಿಟ್ಟಿರಿ.

ಬಡಗಿ ಸಾಮಾನಿನ ಉಳಿಗಳ ಹಿಡಿಗೆ ನೀರಿನ ಬಾಟಲಿಯಿಂದ ಒಳ್ಳೆಯ ಲೇಬಲ್ ಆಗುತ್ತದೆ. ತ್ರಿಕೋನದಲ್ಲಿ 1 ಎಂದಿರುವ ಆ ಪ್ಲಾಸ್ಟಿಕ್ಕನ್ನು ತಯಾರಿಸುವಾಗ ಹಿಗ್ಗಿಸಿರುತ್ತಾರೆ, ಆದ್ದರಿಂದ ಕಾಯಿಸಿದರೆ ಮತ್ತೆ ಕುಗ್ಗುತ್ತದೆ. ಹಿಡಿಗಿಂತ ಸ್ವಲ್ಪ ಅಗಲವಾದ ಚಿಕ್ಕ ಬಾಟಲಿಯಿಂದ ಬಳೆ ಕತ್ತರಿಸಿ, ಅಳತೆ ಕೊರೆದ ಕ್ಯಾನಿನ ಪಟ್ಟಿಯನ್ನು ಹಿಡಿಯ ಮೇಲಿಟ್ಟು, ಬಳೆಯನ್ನು ಅದರ ಮೇಲೆ ಏರಿಸಿ, ಕುದಿಯುವ ನೀರಿನಲ್ಲಿ ಅದ್ದಿದರೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಅದ್ದಿದ ಹಿಡಿಯನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು, ಆದ್ದರಿಂದ ಈ ಕೆಲಸ ಮೇ ತಿಂಗಳಲ್ಲೇ ಮುಗಿಯಲಿ. ಒಳಗೆ ಕಾಗದ ಇಡಬೇಡಿ. ಹೊರಗೆ ಮಳೆಯಲ್ಲಿ ಬಳಸುವ ಗುದ್ದಲಿ, ಕತ್ತಿಗಳಿಗೆ ಇದನ್ನು ಮಾಡಲೂ ಬೇಡಿ, ಬಳೆಯ ಕೆಳಗೆ ನೀರು ನಿಂತು ಮರ ಕೊಳೆಯುತ್ತದೆ.

ಎರವಲಿನ ವಿಷಯಕ್ಕೆ ವರ್ಕ್‌ಶಾಪುಗಳ ಹಳೆಯ ಬಿಲ್ಲೆ ಪದ್ಧತಿಯೇ ಉತ್ತರ. ಉಪಕರಣಗಳ ಉಗ್ರಾಣದಲ್ಲಿ ಪ್ರತಿಯೊಬ್ಬನಿಗೂ ಅಂಕಿ ಒತ್ತಿದ ಲೋಹದ ಬಿಲ್ಲೆಗಳನ್ನು ಕೊಟ್ಟಿರುತ್ತಿದ್ದರು. ಉಪಕರಣ ಒಯ್ಯುವವನು ಅದರ ಮೊಳೆಗೆ ತನ್ನ ಬಿಲ್ಲೆ ಹಾಕಿ ಹೋಗಬೇಕು, ತಂದಿಟ್ಟಾಗ ಬಿಲ್ಲೆ ವಾಪಸು. ಕ್ಯಾನಿನ ತಗಡಿನಿಂದ ಅಂಥ ಬಿಲ್ಲೆಗಳನ್ನು ಕತ್ತರಿಸಿ, ಪದೇ ಪದೇ ಬರುವ ನೆರೆಮನೆಗಳಿಗೆ ಒಂದೊಂದು ಗುರುತು ಹಾಕಿ ನಿಮ್ಮ ಗೋಡೆಯಲ್ಲೇ ತೂಗಹಾಕಿರಿ. ಅಕ್ಕನವರ ಹಲಗೆಯ ಮೇಲೆ ಖಾಲಿ ಆಕಾರ, ಅದರ ನಡುವೆ ಒಯ್ದವರ ಬಿಲ್ಲೆ ಇದ್ದಮೇಲೆ ಯಾರನ್ನೂ ಕೇಳುವ ಪ್ರಮೇಯ ಬರುವುದಿಲ್ಲ. ಒಯ್ಯುವವರ ಕೈಯಿಂದಲೇ ಬಿಲ್ಲೆ ಹಾಕಿಸಿದರೆ ಮತ್ತೂ ಒಳ್ಳೆಯದು. ಹಾಗೆ ಮಾಡಿದವರು ತಾವಾಗಿಯೇ ಬೇಗ ತಂದುಕೊಡುವುದನ್ನು ನೋಡಿದ್ದೇನೆ.

ಪಿವಿಸಿ ಪೈಪಿಗಾಗಲಿ ಫ್ಲೆಕ್ಸಿಗಾಗಲಿ ಕಾದ ಮೊಳೆ ಮುಟ್ಟಿಸಬೇಡಿ. ಎರಡೂ ಕ್ಲೋರಿನ್ ಇರುವ ಪ್ಲಾಸ್ಟಿಕ್, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ. ಅದು ಕಣ್ಣು ಮತ್ತು ಶ್ವಾಸಕೋಶಕ್ಕೆ ಕೆಟ್ಟದ್ದು, ಹತ್ತಿರವಿರುವ ಕಬ್ಬಿಣದ ಉಪಕರಣಗಳಿಗೂ ತುಕ್ಕು ಹಿಡಿಸುತ್ತದೆ. ಬಿಸಿ ತಾಗಿಸದೆ ಬಳಸಲು ಅಡ್ಡಿಯಿಲ್ಲ. ಪೈಪಿನ ತುಂಡನ್ನು ಅಡ್ಡಲಾಗಿ ಕತ್ತರಿಸಿ ಡ್ರಿಲ್ ಬಿಟ್ಟುಗಳನ್ನು ನಿಲ್ಲಿಸುವ ಗೂಡು ಮಾಡಿ. ಮೈಯನ್ನು ಮರಳು ಕಾಗದದಿಂದ ಉಜ್ಜಿದರೆ ಎನಾಮಲ್ ಬಣ್ಣ ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ, ಎಣ್ಣೆ ಕ್ಯಾನಿಗಿಂತ ಎಷ್ಟೋ ಮೇಲು. ಫ್ಲೆಕ್ಸಿನ ಬಿಳಿ ಹಿಂಬದಿಯ ಮೇಲೂ ಎನಾಮಲ್‌ನಿಂದ ಬರೆಯಬಹುದು. ಕಪಾಟಿನ ಅಂಚಿಗೆ ಉದ್ದ ಪಟ್ಟಿಯಾಗಿ ಕತ್ತರಿಸಿ ತಲೆ ಅಗಲವಾದ ಚಿಕ್ಕ ಮೊಳೆಗಳಿಂದ ಬಡಿಯಿರಿ, ಮೊಳೆ ಮಾತ್ರ ಸತುವಿನ ಕಲಾಯಿ ಮಾಡಿದ್ದಿರಲಿ.